ಪಂಕ್ತಿಯಲ್ಲಿ ಒಂದು ಖಾಲಿ ಎಲೆ

ರೇಡ್ ಎಂಬುದು ಹಲವು ಹಾರ್ಡ್ ಡಿಸ್ಕ್‌ಗಳನ್ನು ಒಂದೇ ಸೂರಿನಡಿ ಸೇರಿಸಿ, ಹೊರಗಿನವರ ಮುಂದೆ ‘ನಾವೆಲ್ಲ ಒಂದೇ’ ಎಂದು ಹೇಳಿಸುವ ವ್ಯವಸ್ಥೆ. ಒಳಗೆ ಎರಡಿರಲಿ, ಎಂಟಿರಲಿ, ಕಂಪ್ಯೂಟರಿಗೆ ಕಾಣುವುದು ಒಂದೇ ಒಂದು ದೊಡ್ಡ ಡಿಸ್ಕ್. ಒಳಗೆ ಒಂದು ಸತ್ತರೂ ಸುದ್ದಿ ಬೀದಿಗೆ ಬರಬಾರದು ಎಂಬುದು ಈ ಮನೆತನದ ಮರ್ಯಾದೆ. ಮರ್ಯಾದೆಯನ್ನು ಎಷ್ಟು ಜತನದಿಂದ ಕಾಪಾಡುತ್ತದೆಂದರೆ, ಸತ್ತದ್ದು ಯಾವುದು, ಯಾವಾಗ ಎಂದು ತಿಳಿಯಲು ಅದಕ್ಕೆಂದೇ ಒಂದು ಕಮಾಂಡನ್ನು ಬರೆಯಬೇಕಾಯಿತು. ಲಿನಕ್ಸ್‌ನಲ್ಲಿ ಅದರ ಹೆಸರು ಎಂಡಿಆಡಂ.

ಕೂಡುಕುಟುಂಬದ ಈ ಕಲ್ಪನೆಗೆ ಹೆಸರಿಟ್ಟವರು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿದ್ದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕ್ಯಾಟ್ಜ್. ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಎನ್ನುತ್ತದೆ ಗಾದೆ. ಅಂದಿನ ದೊಡ್ಡ ಕಂಪ್ಯೂಟರುಗಳು ಗಾದೆಯಂತೆಯೇ ನಡೆಯುತ್ತಿದ್ದವು: ಒಂದೇ ಡಿಸ್ಕ್, ಬೃಹದಾಕಾರ, ಬೆಲೆಯೂ ಮುತ್ತಿನದೇ. 1988ರ ಪ್ರಬಂಧದಲ್ಲಿ ಈ ಮೂವರು ಗಾದೆಯನ್ನು ತಿರುಗಿಸಿ ಹಾಕಿದರು: ಒಂದು ಮುತ್ತು ಕಟ್ಟುವ ಕಡೆ ಅಗ್ಗದವು ಹತ್ತು ಕಟ್ಟಿ. ತೊಡಕೂ ಅವರಿಗೆ ಗೊತ್ತಿತ್ತು. ಹತ್ತು ಜನರಿರುವ ಮನೆಯಲ್ಲಿ ಯಾರಿಗಾದರೂ ಒಬ್ಬರಿಗೆ ನೆಗಡಿ ಇದ್ದೇ ಇರುತ್ತದೆ. ಡಿಸ್ಕ್‌ಗಳು ಹೆಚ್ಚಿದಷ್ಟೂ ಅವುಗಳಲ್ಲಿ ಒಂದು ಕೆಡುವ ಸಂಭವ ಹೆಚ್ಚು. ಅದಕ್ಕೆಂದೇ ಅವರು ಒಂದಷ್ಟು ಜಾಗವನ್ನು ಆಪತ್ತಿಗೆ ಮೀಸಲಿಡುವ ಐದು ಬಗೆಗಳನ್ನು ವಿವರಿಸಿದರು. ರೇಡ್ ಎಂಬ ಹೆಸರಿನೊಳಗಿನ ಐ ಅಕ್ಷರಕ್ಕೆ ಮೊದಲು ‘ಅಗ್ಗದ’ ಎಂಬ ಅರ್ಥವಿತ್ತು. ಮುಂದೆ ಅದು ‘ಸ್ವತಂತ್ರ’ ಎಂದಾಯಿತು. ಅಗ್ಗವೆಂದು ಹಣೆಯ ಮೇಲೆ ಬರೆದ ಪೆಟ್ಟಿಗೆಯನ್ನು ಲಕ್ಷಗಟ್ಟಲೆಗೆ ಮಾರುವುದು ಎಂಥ ವ್ಯಾಪಾರಿಗೂ ಸುಲಭವಲ್ಲ.

ಆ ಐದರ ಆಚೆಗಿನವನ್ನೂ ಸೇರಿಸಿದರೆ, ಬಗೆಗಳಲ್ಲಿ ಬಳಕೆಯಲ್ಲಿರುವುದು ನಾಲ್ಕೈದು. ರೇಡ್ ಸೊನ್ನೆಯಲ್ಲಿ ಮಾಹಿತಿಯನ್ನು ಸೀಳಿ ಎಲ್ಲ ಡಿಸ್ಕ್‌ಗಳಿಗೂ ಹಂಚಲಾಗುತ್ತದೆ. ವೇಗ ಬಹಳ, ಆದರೆ ಒಂದು ಹೋದರೆ ಎಲ್ಲವೂ ಹೋದಂತೆ. ಹೆಸರಿನಲ್ಲಿರುವ ಸೊನ್ನೆ ಸುರಕ್ಷತೆಗೆ ಸಿಕ್ಕ ಅಂಕವೂ ಹೌದು. ರೇಡ್ ಒಂದು ಎಂದರೆ ಕನ್ನಡಿ: ಎರಡನೆಯ ಡಿಸ್ಕ್ ಮೊದಲನೆಯದನ್ನು ಪರೀಕ್ಷಾ ಕೊಠಡಿಯ ಹಿಂದಿನ ಬೆಂಚಿನವನಂತೆ ತಪ್ಪುಗಳನ್ನೂ ಬಿಡದೆ ನಕಲು ಮಾಡುತ್ತದೆ. ರೇಡ್ ಐದರಲ್ಲಿ ಪ್ಯಾರಿಟಿ ಎಂಬ ಲೆಕ್ಕವಿದೆ. ಮೂವರು ಸೇರಿ ಹಾಕಿದ ಚಂದಾದ ಒಟ್ಟು ಮೊತ್ತ ಗೊತ್ತಿದ್ದು, ಇಬ್ಬರು ಕೊಟ್ಟದ್ದೂ ಗೊತ್ತಿದ್ದರೆ ಮೂರನೆಯವನು ಊರು ಬಿಟ್ಟಿದ್ದರೂ ಅವನ ಪಾಲನ್ನು ಹೇಳಬಹುದಲ್ಲವೆ, ಹಾಗೆ. ಇಬ್ಬರು ಊರು ಬಿಟ್ಟರೆ ಲೆಕ್ಕ ಹತ್ತುವುದಿಲ್ಲ. ಆ ಭಯವಿದ್ದವರಿಗೆ ರೇಡ್ ಆರು ಇದೆ.

ಲಿನಕ್ಸ್ ಕರ್ನೆಲ್‌ನೊಳಗೆ ಈ ಕೆಲಸ ಮಾಡುವ ಭಾಗದ ಹೆಸರು ಎಂಡಿ, ಅಂದರೆ ‘ಹಲವು ಸಾಧನ’. ಅದರೊಡನೆ ಮಾತಾಡಲು ಆಸ್ಟ್ರೇಲಿಯಾದ ನೀಲ್ ಬ್ರೌನ್ 2001ರಲ್ಲಿ ಬರೆದ ಉಪಕರಣವೇ ಎಂಡಿಆಡಂ. ಆರಂಭದಲ್ಲಿ ಅದಕ್ಕೆ ಎಂಡಿಸಿಟಿಎಲ್ ಎಂಬ ಹೆಸರಿತ್ತು. ಈಗಿನ ಹೆಸರಿನ ಐದು ರೋಮನ್ ಅಕ್ಷರಗಳಲ್ಲಿ ಸ್ವರ ಒಂದೇ, ಅದೂ ನಟ್ಟನಡುವೆ. ಆದ್ದರಿಂದ ಉಚ್ಚಾರಣೆ ಬಾಯಿಂದ ಬಾಯಿಗೆ ಬದಲಾಗುತ್ತದೆ. ಆದರೆ ಆ ಅಕ್ಷರಗಳನ್ನು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಕನ್ನಡಿ ಡಿಸ್ಕ್‌ಗಳ ಮೇಲ್ವಿಚಾರಕನಿಗೆ ಕನ್ನಡಿಯಲ್ಲೂ ಕೆಡದ ಹೆಸರು, ನಮ್ಮ ವಿಕಟಕವಿಯ ಹಾಗೆ.

ಸ್ಥಿತಿಗತಿ ನೋಡುವ ಮೊದಲ ಹೆಜ್ಜೆಗೆ ಈ ವಿಕಟಕವಿಯ ಅಗತ್ಯವೂ ಇಲ್ಲ. ಕರ್ನೆಲ್ ತಾನೇ ‘ಪ್ರೋಕ್’ ಎಂಬ ಫೋಲ್ಡರಿನಲ್ಲಿ ‘ಎಂಡಿಸ್ಟ್ಯಾಟ್’ ಎಂಬ ಕಡತವನ್ನು ಇಟ್ಟಿರುತ್ತದೆ. ಅದು ಡಿಸ್ಕಿನಲ್ಲಿ ಬರೆದಿಟ್ಟ ಕಡತವಲ್ಲ. ಕೇಳಿದ ಗಳಿಗೆಯಲ್ಲಿ ಹುಟ್ಟುವ ಉತ್ತರ. ‘ಕ್ಯಾಟ್’ ಎಂಬ ಕಮಾಂಡಿನಿಂದ ಯಾರು ಬೇಕಾದರೂ ಓದಬಹುದು, ಯಜಮಾನಿಕೆಯ ಪಾಸ್‌ವರ್ಡ್ ಬೇಡ. ಎರಡು ಡಿಸ್ಕ್‌ಗಳ ಕನ್ನಡಿಯಾದರೆ ತೆರೆಯ ಮೇಲೆ ಬರುವುದು ಸುಮಾರಾಗಿ ಇಷ್ಟು:

ಎಂಡಿ0 : ಆ್ಯಕ್ಟಿವ್ ರೇಡ್1 ಎಸ್‌ಡಿಬಿ1[1] ಎಸ್‌ಡಿಎ1[0]
976630464 ಬ್ಲಾಕ್ಸ್ [2/2] [ಯುಯು]

ಮೊದಲ ಸಾಲು ಮನೆಯ ಹೆಸರು, ಗೋತ್ರ, ಸದಸ್ಯರ ಪಟ್ಟಿ. ಬ್ಲಾಕ್ ಒಂದಕ್ಕೆ 1024 ಬೈಟ್. ಗುಣಿಸಿದರೆ ಸುಮಾರು ಒಂದು ಟೆರಾಬೈಟ್. [2/2] ಎಂದರೆ ಇರಬೇಕಾದವರು ಇಬ್ಬರು, ಇರುವವರೂ ಇಬ್ಬರು. ಕೊನೆಯ ಆವರಣದಲ್ಲಿರುವುದು ಊಟದ ಪಂಕ್ತಿ. ‘ಯು’ ಅಕ್ಷರ ಒಂದು ಎಲೆಯ ಮುಂದೆ ಒಬ್ಬರು ಕೂತಿದ್ದಾರೆ ಎಂಬುದರ ಗುರುತು. ಒಂದು ಡಿಸ್ಕ್ ಎದ್ದು ಹೋದರೆ ಅಲ್ಲಿ [2/1] ಎಂದಾಗುತ್ತದೆ, ಪಂಕ್ತಿ [ಯು_] ಎಂದಾಗುತ್ತದೆ. ಕೆಟ್ಟ ಡಿಸ್ಕಿನ ಹೆಸರಿನ ಪಕ್ಕದಲ್ಲಿ ಕಂಸದೊಳಗೆ ಒಂದು ‘ಎಫ್’ ಬೀಳುತ್ತದೆ. ದುರಂತದ ಘೋಷಣೆ ಇಷ್ಟೇ: ಒಂದು ಅಂಕಿ, ಒಂದು ಅಕ್ಷರ, ಒಂದು ಅಡಿಗೀಟು. ಕೆಂಪು ಬಣ್ಣವಿಲ್ಲ, ಗಂಟೆಯಿಲ್ಲ, ಉದ್ಗಾರಚಿಹ್ನೆಯೂ ಇಲ್ಲ. ಹಾಲಿನ ಪ್ಯಾಕೆಟ್ಟಿನ ಬೆಲೆ ಐವತ್ತು ಪೈಸೆ ಏರಿದರೂ ಇದಕ್ಕಿಂತ ಹೆಚ್ಚು ಗದ್ದಲವಾಗುತ್ತದೆ.

ಹೊಸಬರು ಇಲ್ಲಿ ಎಡವುವುದುಂಟು. ಮೇಲಿನ ಸಾಲಿನಲ್ಲಿ ಹೆಸರುಗಳು ಬಂದ ಅನುಕ್ರಮವೇ ಪಂಕ್ತಿಯ ಅನುಕ್ರಮ ಎಂದು ಅವರು ಭಾವಿಸುತ್ತಾರೆ, ಹಾಗೇನೂ ನಿಯಮವಿಲ್ಲ. ಮೊದಲು ಹೆಸರು ಕೂಗಿಸಿಕೊಂಡವನೇ ಮೊದಲ ಎಲೆಗೆ ಕೂತಿರಬೇಕೆಂದು ಯಾವ ಮದುವೆಮನೆಯಲ್ಲೂ ಇಲ್ಲ. ಇನ್ನೊಂದು ಗಾಬರಿ ಡೆಬಿಯನ್ ಎಂಬ ಬಗೆಯ ಲಿನಕ್ಸ್ ಬಳಸುವವರದು. ಅಲ್ಲಿ ತಿಂಗಳ ಮೊದಲ ಭಾನುವಾರ, ಮಧ್ಯರಾತ್ರಿ ಕಳೆದ ಮೇಲೆ, ಎಲ್ಲ ಪ್ರತಿಗಳೂ ತಾಳೆಯಾಗುತ್ತವೆಯೇ ಎಂಬ ಪರಿಶೀಲನೆ ತಾನಾಗಿ ಶುರುವಾಗುವ ರೂಢಿಯಿದೆ. ಆಗ ಎಂಡಿಸ್ಟ್ಯಾಟ್‌ನಲ್ಲಿ ಬಾಣದ ಗುರುತೊಂದು ನಿಧಾನವಾಗಿ ಬಲಕ್ಕೆ ತೆವಳುತ್ತದೆ. ಡಿಸ್ಕ್ ಸತ್ತು ಮರುಭರ್ತಿ ನಡೆಯುವಾಗಲೂ ಅದೇ ಬಾಣ. ನಿದ್ದೆಗಣ್ಣಿನ ಅಡ್ಮಿನ್ ‘ಚೆಕ್’ ಮತ್ತು ‘ರಿಕವರಿ’ ಎಂಬ ಎರಡು ಪದಗಳ ನಡುವಿನ ವ್ಯತ್ಯಾಸವನ್ನು ಕಾಣುವಷ್ಟರಲ್ಲಿ ಎದೆಬಡಿತ ಒಂದು ಸುತ್ತು ಹೆಚ್ಚಾಗಿರುತ್ತದೆ.

ಹೆಚ್ಚಿನ ವಿವರ ಬೇಕಾದವರು ಎಂಡಿಆಡಂಗೆ ‘ಡೀಟೇಲ್’ ಎಂಬ ಸೂಚನೆಯನ್ನೂ ಸಮೂಹದ ಹೆಸರನ್ನೂ ಕೊಡಬೇಕು. ಇದಕ್ಕೆ ರೂಟ್, ಅಂದರೆ ಯಜಮಾನನ ಅಧಿಕಾರ ಬೇಕು. ಮನೆಯ ಒಳಮನೆಗೆ ಹೊರಗಿನವರನ್ನು ಬಿಡುವುದಿಲ್ಲ. ಉತ್ತರ ಒಂದು ಪುಟದಷ್ಟಿರುತ್ತದೆ: ಹುಟ್ಟಿದ ದಿನ, ಮಟ್ಟ, ಗಾತ್ರ, ಕೊನೆಯ ಬದಲಾವಣೆಯ ಹೊತ್ತು, ದುಡಿಯುವವರೆಷ್ಟು, ಕೆಟ್ಟವರೆಷ್ಟು, ಕಾದು ಕೂತ ಬದಲಿಗಳೆಷ್ಟು. ನಡುವೆ ‘ಸ್ಟೇಟ್’ ಎಂಬ ಸಾಲೊಂದಿದೆ. ಒಂದು ಡಿಸ್ಕ್ ಹೋದಾಗ ಅಲ್ಲಿ ‘ಕ್ಲೀನ್, ಡಿಗ್ರೇಡೆಡ್’ ಎಂದು ಬರುತ್ತದೆ. ಶುದ್ಧವೂ ಹೌದು, ಪತಿತವೂ ಹೌದು ಎಂಬ ಈ ತೀರ್ಪು ಯಾವ ಧರ್ಮಶಾಸ್ತ್ರಕ್ಕೂ ಒಪ್ಪಿಗೆಯಾಗಲಾರದು, ಆದರೆ ತಾಂತ್ರಿಕವಾಗಿ ಸರಿ. ಬರೆಯಬೇಕಾದ್ದೆಲ್ಲ ಬರೆದು ಮುಗಿದಿದೆ ಎಂಬುದು ಶುದ್ಧಿ. ಇನ್ನೊಂದು ಪೆಟ್ಟು ತಾಳುವ ಶಕ್ತಿ ಉಳಿದಿಲ್ಲ ಎಂಬುದು ಪತನ. ಓದುವವರಿಗೆ ಮೊದಲ ಪದ ಕಂಡರೆ ಸಾಕು, ನೆಮ್ಮದಿಯಾಗಿ ಕಾಫಿಗೆ ಎದ್ದು ಹೋಗುತ್ತಾರೆ. ಅದಕ್ಕಾಗಿ ‘ಟೆಸ್ಟ್’ ಎಂಬ ಇನ್ನೊಂದು ಸೂಚನೆಯನ್ನು ಸೇರಿಸುವ ಅನುಕೂಲವಿದೆ. ಆಗ ಕಮಾಂಡ್ ಮುಗಿಯುವಾಗ ಒಂದು ಅಂಕಿ ಬಿಟ್ಟು ಹೋಗುತ್ತದೆ: 0 ಎಂದರೆ ಕ್ಷೇಮ, 1 ಎಂದರೆ ಡಿಸ್ಕ್ ಕೆಟ್ಟಿದೆ, 2 ಎಂದರೆ ಸಮೂಹವೇ ಕೈಬಿಟ್ಟಿದೆ, 4 ಎಂದರೆ ಮಾಹಿತಿಯೇ ಸಿಗಲಿಲ್ಲ. ಮನುಷ್ಯ ಓದದೆ ಬಿಟ್ಟದ್ದನ್ನು ಸ್ಕ್ರಿಪ್ಟ್ ಓದಲಿ ಎಂಬ ದೂರಾಲೋಚನೆ ಇದು.

ಡೀಟೇಲ್ ಕೇಳುವುದು ಇಡೀ ಕುಟುಂಬವನ್ನು. ‘ಎಕ್ಸಾಮಿನ್’ ಕೇಳುವುದು ಒಂದೊಂದು ಡಿಸ್ಕನ್ನು ಬೇರೆ ಕರೆದು. ಪ್ರತಿ ಡಿಸ್ಕಿನಲ್ಲೂ ಸೂಪರ್‌ಬ್ಲಾಕ್ ಎಂಬ ಪುಟ್ಟ ದಾಖಲೆಯಿರುತ್ತದೆ; 1.2 ಎಂಬ ಮಾದರಿಯಲ್ಲಿ ಅದರ ಜಾಗ ಆರಂಭದಿಂದ 4 ಕಿಲೋಬೈಟ್ ದೂರ. ತಾನು ಯಾವ ಮನೆಯವನು, ಎಷ್ಟನೆಯವನು, ಕೊನೆಯ ಸಲ ನೋಡಿದಾಗ ಯಾರ‍್ಯಾರಿದ್ದರು ಎಂದು ಅದರಲ್ಲಿ ಬರೆದಿರುತ್ತದೆ. ಡಿಸ್ಕ್‌ಗಳು ಊರೆಲ್ಲ ಚೆದುರಿದರೂ ಇದನ್ನು ಓದಿ ಮತ್ತೆ ಒಂದೆಡೆ ಸೇರಿಸಬಹುದು. ಇಲ್ಲಿ ಪಂಕ್ತಿಯ ಗುರುತು ಬೇರೆ: ಇದ್ದವರಿಗೆ ‘ಎ’, ಇಲ್ಲದವರಿಗೆ ಚುಕ್ಕೆ. ಬದುಕಿರುವ ಡಿಸ್ಕನ್ನು ಕೇಳಿದರೆ ‘ಎ.’ ಎನ್ನುತ್ತದೆ: ಪಕ್ಕದವನು ಹೋದ. ಮನೆಯಿಂದ ಹೊರಬಿದ್ದ ಡಿಸ್ಕನ್ನು ಕೇಳಿದರೆ ‘ಎಎ’ ಎನ್ನುತ್ತದೆ: ಎಲ್ಲರೂ ಕ್ಷೇಮ. ಅದು ಹೊರಬಿದ್ದ ಮೇಲೆ ಅದರ ಪುಸ್ತಕದಲ್ಲಿ ಯಾರೂ ಏನೂ ಬರೆದಿಲ್ಲ. ತಾನು ಸತ್ತ ಸುದ್ದಿ ಸತ್ತವನಿಗೊಬ್ಬನಿಗೆ ತಲುಪಿಲ್ಲ. ಯಾರ ಮಾತು ನಂಬಬೇಕೆಂಬುದಕ್ಕೆ ‘ಈವೆಂಟ್ಸ್’ ಎಂಬ ಎಣಿಕೆಯಿದೆ: ಸಮೂಹದ ಸ್ಥಿತಿ ಬದಲಾದಂತೆಲ್ಲ ಏರುವ ಸಂಖ್ಯೆ. ಎಣಿಕೆಯಲ್ಲಿ ಹಿಂದೆ ಬಿದ್ದವನ ಸಾಕ್ಷ್ಯ ಹಳಸಿದ ಸಾಕ್ಷ್ಯ.

ಯಾವ ಸಮೂಹಕ್ಕೆ ಯಾವ ಹೆಸರು ಎಂದು ಬರೆದಿಡುವ ಸಂರಚನೆಯ ಕಡತದ ಹೆಸರು ಎಂಡಿಆಡಂ ಕಾನ್ಫ್. ಅದನ್ನು ಕೈಯಾರೆ ಬರೆಯುವ ಶ್ರಮ ಬೇಡ. ‘ಡೀಟೇಲ್’ ಜೊತೆ ‘ಸ್ಕ್ಯಾನ್’ ಸೇರಿಸಿದರೆ ಬೇಕಾದ ಸಾಲು ಸಿದ್ಧವಾಗಿ ಬರುತ್ತದೆ, ಎರಡು ಬಾಣದ ಗುರುತು ಹಾಕಿ ಕಡತದ ಕೊನೆಗೆ ಅಂಟಿಸಬಹುದು. ಅನುಮಾನಪಟ್ಟು ಎರಡು ಸಲ ಓಡಿಸಿದವರ ಕಡತದಲ್ಲಿ ಒಂದೇ ಮನೆಯ ಹೆಸರು ಎರಡು ಸಲ ಇರುತ್ತದೆ. ಎರಡು ಬಾಣದ ಬದಲು ಒಂದೇ ಹಾಕಿದವರ ಕಡತದಲ್ಲಿ ಹಿಂದಿನದೆಲ್ಲ ಅಳಿಸಿಹೋಗಿ ಹೊಸದೊಂದೇ ಉಳಿದಿರುತ್ತದೆ. ಏನನ್ನೂ ಬರೆಯದೆ ಬಿಟ್ಟವರಿಗೆ ಮರುದಿನ ಬೇರೆ ವಿಸ್ಮಯ ಕಾದಿರುತ್ತದೆ: ರಾತ್ರಿ ಎಂಡಿ0 ಆಗಿ ಮಲಗಿದ ಸಮೂಹ ಯಂತ್ರ ಮರಳಿ ಚಾಲೂ ಆದಾಗ ಎಂಡಿ127 ಎಂಬ ಹೆಸರಿನಿಂದ ಎದ್ದಿರುತ್ತದೆ. ಗುರುತು ಪತ್ತೆಯಾಗದ ಸಮೂಹಗಳಿಗೆ 127ರಿಂದ ಹಿಮ್ಮುಖವಾಗಿ ಹೆಸರು ಕೊಡುವುದು ಅಲ್ಲಿನ ಪದ್ಧತಿ.

ಕೇಳಿದರಷ್ಟೇ ಹೇಳುವ ಈ ಸ್ವಭಾವಕ್ಕೆ ಪರಿಹಾರವಾಗಿ ‘ಮಾನಿಟರ್’ ಎಂಬ ವಿಧಾನವಿದೆ. ಅದು ಹಿನ್ನೆಲೆಯಲ್ಲಿ ಕಾವಲು ಕೂತು, ಡಿಸ್ಕ್ ಕೆಟ್ಟ ಕೂಡಲೇ ಇಮೇಲ್ ಕಳಿಸುತ್ತದೆ. ಕಳಿಸುವ ವಿಳಾಸ ಬಹಳ ಕಡೆ ‘ರೂಟ್’ ಎಂದೇ ಇರುತ್ತದೆ, ಅಂದರೆ ಅದೇ ಯಂತ್ರದೊಳಗಿನ ಯಾರೂ ತೆರೆಯದ ಅಂಚೆಪೆಟ್ಟಿಗೆ. ಮನೆಗೆ ಬೆಂಕಿ ಬಿದ್ದ ಸುದ್ದಿಯನ್ನು ಕಾಗದದಲ್ಲಿ ಬರೆದು ಅದೇ ಮನೆಯ ಅಟ್ಟದ ಮೇಲೆ ಇಟ್ಟಂತೆ. ವಿಳಾಸ ಸರಿಪಡಿಸಿ, ಪರೀಕ್ಷೆಗೊಂದು ಓಲೆ ಕಳಿಸಿ, ಅದು ಬಂತೇ ಎಂದು ನೋಡುವುದು ಐದು ನಿಮಿಷದ ಕೆಲಸ. ಐದು ನಿಮಿಷದ ಕೆಲಸಗಳನ್ನು ಮುಂದೂಡುವಷ್ಟು ಸುಲಭವಾಗಿ ಐದು ದಿನದ ಕೆಲಸಗಳನ್ನು ಮುಂದೂಡಲಾಗದು.

ಇನ್ನು ಡಿಸ್ಕ್ ಬದಲಾವಣೆ. ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳು ಯಂತ್ರ ಚಾಲೂ ಆಗುವಾಗ ಡಿಸ್ಕ್‌ಗಳು ಕಣ್ಣಿಗೆ ಬಿದ್ದ ಅನುಕ್ರಮದಲ್ಲಿ ಸಿಗುವಂಥವು. ನಾಳೆ ಅದಲು ಬದಲಾಗಬಹುದು. ಪೆಟ್ಟಿಗೆಯ ಮೇಲೆ ಅವು ಬರೆದಿರುವುದಿಲ್ಲ. ಆದ್ದರಿಂದ ಕೆಟ್ಟ ಡಿಸ್ಕಿನ ಸೀರಿಯಲ್ ಸಂಖ್ಯೆಯನ್ನು ಮೊದಲೇ ಬರೆದುಕೊಂಡು, ಡಿಸ್ಕಿನ ಮೈಮೇಲಿನ ಚೀಟಿಯೊಡನೆ ತಾಳೆ ನೋಡಬೇಕು. ಹಾಗೆ ಮಾಡದೆ, ಎಡಗಡೆಯದೇ ಎಸ್‌ಡಿಎ ಇರಬೇಕೆಂದು ಊಹಿಸಿ ಎಳೆದವರ ಕೈಗೆ ಸರಿಯಾಗಿ ಕೆಲಸ ಮಾಡುತ್ತಿದ್ದ ಡಿಸ್ಕೇ ಬಂದಿರುತ್ತದೆ. ಎರಡರಲ್ಲಿ ಒಂದು ತಾನಾಗಿ ಸತ್ತಿತ್ತು, ಇನ್ನೊಂದಕ್ಕೆ ಮನುಷ್ಯಪ್ರಯತ್ನ ಸೇರಿತು. ಚೀಟಿ ಓದುವುದು ಇದಾದ ಮೇಲೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದೆಂದರೆ ಇದೇ.

ತೆಗೆಯಲಿಕ್ಕೂ ಕ್ರಮವಿದೆ. ಕರ್ತವ್ಯದಲ್ಲಿರುವ ಡಿಸ್ಕನ್ನು ‘ರಿಮೂವ್’ ಎಂದರೆ ಉಪಕರಣ ಒಪ್ಪುವುದಿಲ್ಲ, ಸಾಧನ ಬಿಡುವಾಗಿಲ್ಲ ಎನ್ನುತ್ತದೆ. ಮೊದಲು ‘ಫೇಲ್’ ಎಂದು ಘೋಷಿಸಬೇಕು, ಆಮೇಲೆ ರಿಮೂವ್. ಮರಣಪತ್ರವಿಲ್ಲದೆ ಪಡಿತರ ಚೀಟಿಯಿಂದ ಹೆಸರು ತೆಗೆಯಲಾಗದು ಎಂಬ ಕಚೇರಿಯ ನಿಯಮ ಇಲ್ಲೂ ಇದೆ. ಪುಣ್ಯಕ್ಕೆ ಇಲ್ಲಿ ಮರಣಪತ್ರ ಬರೆಯುವವರೂ ಅರ್ಜಿದಾರರೇ. ಹೊಸ ಡಿಸ್ಕನ್ನು ‘ಆ್ಯಡ್’ ಎಂದು ಸೇರಿಸಿದೊಡನೆ ಮರುಭರ್ತಿ ಶುರು. 4 ಟೆರಾಬೈಟ್ ಡಿಸ್ಕಿಗೆ ಸೆಕೆಂಡಿಗೆ 100 ಮೆಗಾಬೈಟ್ ವೇಗ ಸಿಕ್ಕರೂ ಹನ್ನೊಂದು ತಾಸು ಬೇಕು. ಎಂಡಿಸ್ಟ್ಯಾಟ್ ಉಳಿದ ನಿಮಿಷಗಳನ್ನು ಹೇಳುತ್ತಲೇ ಇರುತ್ತದೆ. ಬಳಕೆದಾರರ ಕೆಲಸ ಹೆಚ್ಚಾದಾಗ ಆ ಲೆಕ್ಕ ಹಿಂದಕ್ಕೂ ಓಡುತ್ತದೆ. ಇನ್ನೇನು ಹತ್ತು ನಿಮಿಷ, ಬಂದೇ ಬಿಟ್ಟೆ ಎನ್ನುವ ನೆಂಟರ ಹಾಗೆ. ‘ವಾಚ್’ ಎಂಬ ಕಮಾಂಡಿನಿಂದ ಎರಡೆರಡು ಸೆಕೆಂಡಿಗೆ ಇದನ್ನು ನೋಡುತ್ತ ಕೂರಬಹುದು. ನೋಡುವುದರಿಂದ ವೇಗವೇನೂ ಹೆಚ್ಚದು, ಆದರೆ ನೋಡದೆ ಇದ್ದವರು ಯಾರೂ ಇಲ್ಲ.

ಇದೆಲ್ಲ ಸರಿಯಿದ್ದರೂ ರೇಡ್ ಎಂಬುದು ಬ್ಯಾಕಪ್ ಅಲ್ಲ. ಕನ್ನಡಿಯ ಮುಂದೆ ನಿಂತು ಮೂಗು ಕೊಯ್ದುಕೊಂಡರೆ ಪ್ರತಿಬಿಂಬದ ಮೂಗೇನೂ ಉಳಿಯುವುದಿಲ್ಲ. ತಪ್ಪಿ ಅಳಿಸಿದ ಕಡತವನ್ನು ಎರಡೂ ಡಿಸ್ಕ್‌ಗಳು ಅಷ್ಟೇ ಶ್ರದ್ಧೆಯಿಂದ ಅಳಿಸುತ್ತವೆ. ಆ ಗಳಿಗೆಯಲ್ಲಿ ಎಂಡಿಸ್ಟ್ಯಾಟ್ ಕೇಳಿದರೆ [ಯುಯು] ಎಂದೇ ಬರುತ್ತದೆ. ಅದಕ್ಕೆ ಗೊತ್ತಿರುವುದು ಪಂಕ್ತಿಯಲ್ಲಿ ಯಾರು ಕೂತಿದ್ದಾರೆ ಎಂಬುದಷ್ಟೇ; ಎಲೆಯಲ್ಲಿ ಏನಿದೆ ಎಂಬುದಲ್ಲ.

ಮರುಭರ್ತಿ ಮುಗಿದಾಗ ಬಾಣ ಮಾಯವಾಗಿ [2/2] ಮರಳುತ್ತದೆ. ಹೊಸ ಡಿಸ್ಕಿನ ಮುಂದಿನ ಅಂಕಿ ಮಾತ್ರ ಸಾಮಾನ್ಯವಾಗಿ 1ರ ಬದಲು 2 ಆಗಿರುತ್ತದೆ; ಎಲೆ ಅದೇ, ಕೂತವನು ಬೇರೆ. ಉಳಿಯುವ ಕೊನೆಯ ಕೆಲಸ ಹಳೆಯ ಡಿಸ್ಕಿನದು. ಅದನ್ನು ಬಿಸಾಡಲು ಮನಸ್ಸು ಬಾರದೆ ಕಪಾಟಿನಲ್ಲಿಡುವುದು ಲೋಕರೂಢಿ. ಅದು ಇನ್ನೂ ಉಸಿರಾಡುತ್ತಿದ್ದರೆ ‘ಝೀರೋ ಸೂಪರ್‌ಬ್ಲಾಕ್’ ಸೂಚನೆಯಿಂದ ಅದರ ನೆನಪನ್ನು ಒರೆಸಬೇಕು. ಇಲ್ಲವಾದರೆ ದಪ್ಪ ಮಾರ್ಕರಿನಲ್ಲಿ ‘ಕೆಟ್ಟಿದೆ’ ಎಂದಾದರೂ ಬರೆಯಬೇಕು. ಎರಡನ್ನೂ ಮಾಡದಿದ್ದರೆ ಮುಂದಿನ ವರ್ಷ ಅವಸರದಲ್ಲಿ ಯಾರೋ ಒಬ್ಬರು ಅದನ್ನು ಬದಲಿಯೆಂದು ತೆಗೆದು, ಯಂತ್ರಕ್ಕೆ ಚುಚ್ಚಿ, ಎಕ್ಸಾಮಿನ್ ಮಾಡಿ ನೋಡುತ್ತಾರೆ. ಅದು ಆಗಲೂ ‘ಎಎ’ ಎನ್ನುತ್ತದೆ.