ಮುಚ್ಚಳಕ್ಕೆ ಮದ್ದಿಲ್ಲ

ನಮ್ಮ ಅಪಾರ್ಟ್‌ಮೆಂಟಿನ ತಾರಸಿಯಲ್ಲಿ ನೀರಿನ ಟ್ಯಾಂಕು ನಾಲ್ಕು, ಮುಚ್ಚಳ ಮೂರು. ನಾಲ್ಕನೆಯ ಮುಚ್ಚಳ ಹೋದ ವರ್ಷದ ಗಾಳಿಮಳೆಗೆ ಹಾರಿಹೋಯಿತು. ಸಂದರ್ಶನ ಬೇಕಿದ್ದರೆ ಆ ನಾಲ್ಕನೆಯ ಟ್ಯಾಂಕಿನ ಹತ್ತಿರವೇ ಬರಬೇಕೆಂದು ಅವರ ಕಡೆಯಿಂದ ಹೇಳಿಕೆ ಬಂದಿತ್ತು. ಮುಸ್ಸಂಜೆಗೆ ತುಂಬುತೋಳಿನ ಅಂಗಿ, ಕಾಲುಚೀಲ ತೊಟ್ಟು ಮೆಟ್ಟಿಲು ಹತ್ತಿದೆ. ಅನಾಫಿಲಿಸ್ ಸ್ಟೀಫೆನ್ಸಿ ಅವರು ಮನೆತನದ ಪದ್ಧತಿಯಂತೆ ತಲೆ ತಗ್ಗಿಸಿ, ಹಿಂಭಾಗ ಮೇಲೆತ್ತಿ ಟ್ಯಾಂಕಿನ ಅಂಚಿನಲ್ಲಿ ಕೂತಿದ್ದರು. ಅದು ವಿನಯವೋ ಅವಮರ್ಯಾದೆಯೋ ತಿಳಿಯಲಿಲ್ಲ.

ನಾನು: ನಮಸ್ಕಾರ ಮೇಡಂ. ತಾವು ಇಲ್ಲಿಯವರೇನಾ?

ಸೊಳ್ಳೆ: ಇಲ್ಲಿಯವಳೇ ಸ್ವಾಮಿ. ಬೇಕಾದ್ರೆ ದಾಖಲೆ ನೋಡ್ಕೊಳ್ಳಿ. ನಮ್ಮಲ್ಲಿ ಮೂರು ಪಂಗಡ. ಒಂದಕ್ಕೆ 'ಮೈಸೊರೆನ್ಸಿಸ್' ಅಂತಲೇ 1937ರಲ್ಲಿ ಹೆಸರಿಟ್ಟರು. ನಮ್ಮ ಮೊಟ್ಟೆ ಮುಳುಗದ ಹಾಗೆ ಪಕ್ಕಕ್ಕೆ ತೇಲುಬುರುಡೆ ಇರುತ್ತೆ. ಅದರ ಮೇಲಿನ ಗೆರೆ ಎಣಿಸಿ ಇವಳು ಯಾವ ಪಂಗಡ ಅಂತ ಹೇಳ್ತಾರೆ. ನಿಮ್ಮಲ್ಲಿ ನಾಮ ಅಡ್ಡವೋ ಉದ್ದವೋ ಅಂತ ನೋಡೋದಿಲ್ವೇ, ಹಾಗೆ.

ನಾನು: ಪಂಗಡ ಪಂಗಡಕ್ಕೆ ಏನು ವ್ಯತ್ಯಾಸ?

ಸೊಳ್ಳೆ: ಮೈಸೊರೆನ್ಸಿಸ್ ಹಳ್ಳಿಯವಳು, ಸಾಧು. ಹೆಚ್ಚಾಗಿ ದನದ ರಕ್ತ ಕುಡಿದುಕೊಂಡು ಇದ್ದುಬಿಡ್ತಾಳೆ, ಮಲೇರಿಯ ಹರಡೋದು ಕಡಿಮೆ. ನಾನು ಪಟ್ಟಣದವಳು. ಇಲ್ಲಿ ಕೊಟ್ಟಿಗೆ ಎಲ್ಲಿದೆ? ಪ್ಯಾಕೆಟ್ ಹಾಲು ಕುಡಿಯೋರೇ ಎಲ್ಲ. ಅವರನ್ನೇ ಕುಡೀತೀನಿ.

ನಾನು: ನಿಮ್ಮ ಜೀನೋಮನ್ನು ಪೂರ್ತಿ ಓದಿದ್ದಾರಂತೆ.

ಸೊಳ್ಳೆ: 2014ರಲ್ಲೇ ಓದಿದರು. ಆಮೇಲೆ ಇದೇ ಬೆಂಗಳೂರಿನ ವಿಜ್ಞಾನಿಗಳೂ ಓದಿದರು. ಸುಮಾರು 23 ಕೋಟಿ ಅಕ್ಷರ, ಮೂರೇ ಜೊತೆ ಕ್ರೋಮೋಸೋಮು. ನಿಮ್ಮ 300 ಕೋಟಿಯ ಮುಂದೆ ನಮ್ಮದು ಚಿಕ್ಕ ಸಂಸಾರ. ಎರಡನೇ ಕ್ರೋಮೋಸೋಮಿನ ಒಂದು ತುಂಡು ನಮ್ಮಲ್ಲಿ ಕೆಲವರಿಗೆ ತಲೆಕೆಳಗಾಗಿ ಕೂತಿದೆ. ಅದು ಅವಿಭಕ್ತ ಕುಟುಂಬದ ಆಸ್ತಿ ಇದ್ದ ಹಾಗೆ. ಒಳಗಿನ ಜೀನುಗಳು ಪಾಲಾಗದೆ ಒಟ್ಟಿಗೇ ಮಕ್ಕಳಿಗೆ ಹೋಗ್ತವೆ. ಬೇರೆ ಬೇರೆ ಪರಿಸರಕ್ಕೆ ಒಗ್ಗಿಕೊಳ್ಳೋಕೆ ಅನುಕೂಲ.

ನಾನು: ಡೆಂಗಿ ಹರಡುವ ಈಡಿಸ್ ಅವರದು?

ಸೊಳ್ಳೆ: ಆ ಪಟ್ಟೆಕಾಲಿನವಳದಾ? 2007ರಲ್ಲಿ ಓದಿದಾಗ ಸುಮಾರು 138 ಕೋಟಿ ಅಕ್ಷರ ಬಂತು. ಅದರಲ್ಲಿ ಹತ್ತಿರ ಹತ್ತಿರ ಅರ್ಧ, ಜಾಗದಿಂದ ಜಾಗಕ್ಕೆ ನೆಗೆಯೋ ಜೀನುಗಳು. ಅಟ್ಟದ ತುಂಬ ಹಳೇ ಪಾತ್ರೆ! ಹಾಗಂತ ದಡ್ಡಿ ಅಲ್ಲ. ಆಫ್ರಿಕಾದ ಕಾಡಿನವಳು. ಮಳೆಯಿಲ್ಲದ ಕಾಲ ಉದ್ದವಾಗಿ ಮರದ ಪೊಟರೆ ಒಣಗಿದಾಗ ನಿಮ್ಮ ಗಡಿಗೆ ಹುಡುಕಿಕೊಂಡು ಬಂದಳು. ಬಂದವಳಿಗೆ ನಿಮ್ಮ ಮೈವಾಸನೆಯೇ ಇಷ್ಟವಾಯ್ತು. ಆ ವಾಸನೆ ಹಿಡಿಯೋ ಒಂದು ಜೀನು ಅವಳ ಮೀಸೆಯಲ್ಲಿ ಚುರುಕಾಗಿದೆ ಅಂತ 2014ರಲ್ಲಿ ಪತ್ತೆ ಮಾಡಿದರು.

ನಾನು: ಅಂತೂ ನಾವು ಏನು ಮದ್ದು ಹೊಡೆದರೂ ಕಲಿತುಬಿಡ್ತೀರಿ.

ಸೊಳ್ಳೆ: (ರೆಕ್ಕೆ ಕೊಡವಿ) ಇದೊಂದು ಮಾತು ಕೇಳಿದರೆ ನನಗೆ ಮೈ ಉರಿಯುತ್ತೆ. ನಾವು ಏನೂ ಕಲಿತಿಲ್ಲ ಸ್ವಾಮಿ. ನನ್ನದು ಕೆಲವೇ ವಾರದ ಬಾಳು, ಟ್ಯೂಷನ್ನಿಗೆ ಹೋಗೋಕೆ ಪುರುಸೊತ್ತೆಲ್ಲಿ? ಪರೀಕ್ಷೆ ಮಾಡಿದವರು ನೀವು. ನಪಾಸಾದವರು ಸತ್ತರು. ಪಾಸಾದವರ ಮಕ್ಕಳು ನಾವು.

ನಾನು: ಪರೀಕ್ಷೆ ಅಂದರೆ ಡಿಡಿಟಿ?

ಸೊಳ್ಳೆ: ಅದೇ. 1953ರಲ್ಲಿ ದೇಶಕ್ಕೆಲ್ಲ ಮಲೇರಿಯ ನಿಯಂತ್ರಣ ಅಂತ ಶುರು ಮಾಡಿದಿರಿ. 1958ರಲ್ಲಿ ಹುರುಪು ಹೆಚ್ಚಿ ಅದರ ಹೆಸರನ್ನೇ 'ನಿರ್ಮೂಲನ' ಅಂತ ಬದಲಾಯಿಸಿದಿರಿ. 1965ರ ಹೊತ್ತಿಗೆ ರೋಗಿಗಳ ಸಂಖ್ಯೆ ಸುಮಾರು ಒಂದು ಲಕ್ಷಕ್ಕಿಳೀತು. ನಿಜ ಹೇಳ್ತೀನಿ, ನಮ್ಮ ಅಜ್ಜಿಯರು ಊರು ಬಿಡೋ ಯೋಚನೆಯಲ್ಲಿದ್ದರು. ಅಷ್ಟರಲ್ಲಿ ನೀವೇ ಗೆದ್ದೆವು ಅಂತ ಹಾರ ಹಾಕಿಸಿಕೊಂಡು ಮಲಗಿದಿರಿ. ಮದ್ದು ಸರಿಯಾಗಿ ಬರಲಿಲ್ಲ, ಹೊಡೆಯೋರು ಬರಲಿಲ್ಲ. ಮದ್ದಿಗೆ ಬಗ್ಗದವರು ಮೂಲೆಯಲ್ಲಿ ಉಳಿದಿದ್ದರು. 1976ಕ್ಕೆ 64 ಲಕ್ಷ ರೋಗಿಗಳು.

ನಾನು: ಬಗ್ಗದವರ ಜೀನಿನಲ್ಲಿ ಏನಿತ್ತು?

ಸೊಳ್ಳೆ: ನರದ ಬಾಗಿಲ ಬೀಗ ಬೇರೆ ಇತ್ತು. ನರದೊಳಕ್ಕೆ ಸೋಡಿಯಂ ಬಿಡೋ ಒಂದು ಬಾಗಿಲಿದೆ. ಡಿಡಿಟಿ ಅದನ್ನು ಮುಚ್ಚೋಕೆ ಬಿಡೋದಿಲ್ಲ, ನಾವು ಒದ್ದಾಡಿ ಸಾಯ್ತೀವಿ. ಆ ಬಾಗಿಲ ಪ್ರೋಟೀನಿನ 1014ನೇ ಜಾಗದಲ್ಲಿ ಒಂದೇ ಒಂದು ಅಮೈನೊ ಆಮ್ಲ ಬದಲಾದರೆ ಮದ್ದಿಗೆ ಅಲ್ಲಿ ಸರಿಯಾಗಿ ಹಿಡಿತ ಸಿಗೋದಿಲ್ಲ. ಆಫ್ರಿಕಾದ ನಮ್ಮ ನೆಂಟರು ಅನಾಫಿಲಿಸ್ ಗ್ಯಾಂಬಿಯೆಯವರಲ್ಲಿ ಇದು ಬಹಳ, ನಮ್ಮಲ್ಲೂ ಕೆಲವರಿಗಿದೆ. ತಮಾಷೆ ಏನು ಗೊತ್ತಾ? ನಿಮ್ಮ ಪರದೆಗೆ ಹಚ್ಚೋ ಪೈರೆಥ್ರಾಯ್ಡೂ ಅದೇ ಬಾಗಿಲಿಗೇ ಬರೋದು. ಹಳೇ ಪ್ರಶ್ನೆಪತ್ರಿಕೆಯನ್ನೇ ಹೊಸ ಲಕೋಟೆಯಲ್ಲಿಟ್ಟು ಕೊಟ್ಟಿರಿ! ಗ್ಯಾಂಬಿಯೆಯವರ ಕಾಲಿನಲ್ಲಿ ಆ ಮದ್ದನ್ನು ಹಿಡಿದಿಟ್ಟುಕೊಳ್ಳೋ ಪ್ರೋಟೀನೂ ಇದೆಯಂತೆ, 2020ರಲ್ಲಿ ಗೊತ್ತಾಯ್ತು. ಪರದೆ ಮೇಲೆ ಚಪ್ಪಲಿ ಹಾಕ್ಕೊಂಡೇ ಓಡಾಡ್ತಾರೆ ಅನ್ನಿ.

ನಾನು: ನಮ್ಮ ಬೀದಿಯಲ್ಲಿ ಹೊಗೆ ಹಾಕ್ತಾರಲ್ಲ?

ಸೊಳ್ಳೆ: ಬಹಳ ಚೆನ್ನಾಗಿರುತ್ತೆ. ಮುಂದೆ ಹೊಗೆ, ಹಿಂದೆ ಹುಡುಗರು, ಫೋಟೊ ತೆಗೆಯೋಕೆ ಒಬ್ಬರು. ಬೀದಿಯಲ್ಲಿದ್ದವರು ಸಾಯ್ತಾರೆ, ಒಳಗಿದ್ದವರು ಅರ್ಧ ಉಸಿರು ಎಳ್ಕೊಂಡು ಬದುಕ್ತಾರೆ. ಬದುಕಿದವರ ಮಕ್ಕಳಿಗೆ ಇಡೀ ಟ್ಯಾಂಕೇ ಖಾಲಿ ಸಿಗುತ್ತೆ. ನೀವು ಸೊಳ್ಳೆ ಕೊಲ್ತಾ ಇಲ್ಲ ಸ್ವಾಮಿ, ತಳಿ ಎತ್ತುತಾ ಇದ್ದೀರಿ. ಅಮೃತಮಹಲ್ ತಳಿ ಬೆಳೆಸಿದ ನಾಡಲ್ಲವೇ, ಕೈಗುಣ ಹೋಗಿಲ್ಲ.

ನಾನು: ಈಚೆಗೆ ವಿದೇಶಕ್ಕೂ ಹೋಗಿದ್ದೀರಂತೆ.

ಸೊಳ್ಳೆ: 2012ರಲ್ಲಿ ಜಿಬೂಟಿಯಲ್ಲಿ ಕಾಣಿಸಿಕೊಂಡೆವು. ಆಮೇಲೆ ಇಥಿಯೋಪಿಯ. ಆಫ್ರಿಕಾದವರು ಮಲೇರಿಯ ಅಂದರೆ ಹಳ್ಳಿಯ ಕಾಯಿಲೆ ಅಂದುಕೊಂಡಿದ್ದರು. ಪಟ್ಟಣದ ಸಂಪು, ಟ್ಯಾಂಕು, ಕಟ್ಟಡದ ಕೆಲಸಕ್ಕೆ ತುಂಬಿಸಿಟ್ಟ ನೀರು ನಮಗೆ ತವರುಮನೆ. ಜಿಬೂಟಿಯಲ್ಲಿ 2012ರಲ್ಲಿ ಲೆಕ್ಕಕ್ಕೆ ಸಿಕ್ಕ ರೋಗಿಗಳು 27. 2020ರಲ್ಲಿ 73,535.

ನಾನು: ಇದನ್ನು ಹೇಳುವಾಗ ನಿಮಗೆ ಏನೂ ಅನ್ನಿಸೋದಿಲ್ಲವೇ?

ಸೊಳ್ಳೆ: (ಸ್ವಲ್ಪ ಹೊತ್ತು ಸುಮ್ಮನಿದ್ದು) ಹುಟ್ಟುವಾಗ ನನ್ನೊಳಗೆ ಮಲೇರಿಯ ಇರೋದಿಲ್ಲ. ನಿಮ್ಮಲ್ಲೊಬ್ಬರಿಂದ ನನಗೆ ಅಂಟುತ್ತೆ, ನನ್ನಿಂದ ನಿಮ್ಮಲ್ಲಿನ್ನೊಬ್ಬರಿಗೆ. ಅಂಚೆಯವಳ ಮೇಲೆ ಸಿಟ್ಟು ಮಾಡ್ಕೊಳ್ಳಿ, ಬೇಡ ಅನ್ನಲ್ಲ. ಆದರೆ ಜ್ವರ ಬಂದವರಿಗೆ ಬೇಗ ಔಷಧಿ ಕೊಟ್ಟರೆ ಅಂಚೆಗೆ ಹಾಕೋಕೆ ಕಾಗದವೇ ಇರೋದಿಲ್ಲ.

ನಾನು: ಈಗ ನಿಮ್ಮ ಜೀನನ್ನೇ ತಿದ್ದೋಕೆ ಹೊರಟಿದ್ದಾರಲ್ಲ?

ಸೊಳ್ಳೆ: ಜೀನ್ ಡ್ರೈವ್ ತಾನೆ? 2015ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಮ್ಮ ಮೇಲೇ ಮಾಡಿದರು. ಸಾಮಾನ್ಯವಾಗಿ ಒಂದು ಜೀನು ಅರ್ಧ ಮಕ್ಕಳಿಗೆ ಹೋಗುತ್ತೆ. ಇದು ಹತ್ತಿರ ಹತ್ತಿರ ಎಲ್ಲರಿಗೂ ಹೋಯ್ತು. ಹೆದರಿಕೆ ಇದೆ, ಇಲ್ಲ ಅನ್ನಲ್ಲ. ಆದರೆ ಅದು ನಮ್ಮ ಜೀನೋಮಿಗೆ ಕತ್ತರಿ ಹಾಕಿ ಒಳಗೆ ಸೇರ್ಕೊಳ್ಳೋದು. ಆ ಕತ್ತರಿ ಬೀಳೋ ಜಾಗದಲ್ಲಿ ಅಕ್ಷರ ಒಂಚೂರು ಆಚೀಚೆ ಆದವಳು ಅಲ್ಲೂ ಒಬ್ಬಳು ಇರಬಹುದು. ಅದೂ ಒಂದು ಪರೀಕ್ಷೆಯೇ.

ನಾನು: ಹಾಗಾದರೆ ನಿಮ್ಮವರು ಪಾಸಾಗದ ಪರೀಕ್ಷೆ ಇಲ್ಲವೇ ಇಲ್ಲ?

ಸೊಳ್ಳೆ: (ದನಿ ತಗ್ಗಿಸಿ) ಒಂದಿದೆ. ಇದೇ ಊರಿನಲ್ಲಿ ನಡೆದದ್ದು. 1883ರಲ್ಲಿ ರೊನಾಲ್ಡ್ ರಾಸ್ ಅಂತ ಒಬ್ಬ ಹುಡುಗ ಡಾಕ್ಟರು ಬೆಂಗಳೂರಿನ ದಂಡಿಗೆ ಬಂದ. ಬಂಗಲೆಯ ತುಂಬ ಸೊಳ್ಳೆ. ಹುಡುಕಿದರೆ ಕಿಟಕಿಯ ಹೊರಗಿನ ನೀರಿನ ತೊಟ್ಟಿಯಲ್ಲಿ ಮರಿಗಳು. ತೊಟ್ಟಿ ಬೋರಲು ಹಾಕಿದ. ಸೊಳ್ಳೆ ಹೋಯ್ತು! ಹದಿನಾಲ್ಕು ವರ್ಷ ಆದಮೇಲೆ ಸಿಕಂದರಾಬಾದಿನಲ್ಲಿ, ಹುಸೇನ್ ಖಾನ್ ಎಂಬ ರೋಗಿಗೆ ಒಂದು ಸೊಳ್ಳೆ ಕಚ್ಚಿದರೆ ಒಂದಾಣೆ ಕೊಟ್ಟು, ಆ ಸೊಳ್ಳೆಯ ಹೊಟ್ಟೆ ಬಗೆದು ಮಲೇರಿಯ ಕಂಡು, ನೊಬೆಲ್ ತಗೊಂಡ. ಎಲ್ಲರಿಗೂ ಆ ಕಥೆಯೇ ಗೊತ್ತು. ನಮಗೆ ನಡುಕ ಹುಟ್ಟಿಸಿದ್ದು ಮಾತ್ರ ಬೆಂಗಳೂರಿನ ತೊಟ್ಟಿ. ನನ್ನ 23 ಕೋಟಿ ಅಕ್ಷರ ತಿರುವಿ ಹಾಕಿದರೂ ಬೋರಲು ಬಿದ್ದ ತೊಟ್ಟಿಯಲ್ಲಿ, ಮುಚ್ಚಿದ ಟ್ಯಾಂಕಿನಲ್ಲಿ ಮೊಟ್ಟೆ ಇಡೋ ಜೀನು ಸಿಗೋದಿಲ್ಲ. ವಿಷಕ್ಕೆ ಮದ್ದುಂಟು, ಮುಚ್ಚಳಕ್ಕೆ ಮದ್ದಿಲ್ಲ.

ನಾನು: ಮತ್ತೆ ದಂಡಿನವರೆಲ್ಲ ತೊಟ್ಟಿ ಬೋರಲು ಹಾಕಿದರೇ?

ಸೊಳ್ಳೆ: ನಮ್ಮನ್ನು ಕಾಪಾಡಿದ ದೇವರು ಅಲ್ಲೇ ಇದ್ದ ನೋಡಿ! ಉಳಿದ ತೊಟ್ಟಿಗಳನ್ನೂ ಖಾಲಿ ಮಾಡಿಸಿ ಅಂತ ರಾಸ್ ಅಲ್ಲಿನ ಅಧಿಕಾರಿಯನ್ನು ಕೇಳಿದ. ಆತ ಒಪ್ಪಲಿಲ್ಲ. ಅದು ಪ್ರಕೃತಿ ನಿಯಮಕ್ಕೆ ವಿರುದ್ಧ, ಸೊಳ್ಳೆಯನ್ನು ಏನೋ ಉದ್ದೇಶಕ್ಕೇ ಸೃಷ್ಟಿಸಿರುವಾಗ ಸಹಿಸಿಕೊಳ್ಳೋದೇ ಧರ್ಮ ಅಂದನಂತೆ. ಆತನ ವಂಶವೂ ನಮ್ಮದರ ಹಾಗೇ ಬೆಳೆದಿದೆ.

ನನಗೆ ರೋಷ ಬಂತು. ಅಲ್ಲಿಂದಲೇ ನಮ್ಮ ಸಂಘದ ಕಾರ್ಯದರ್ಶಿಗೆ ಫೋನ್ ಮಾಡಿ, ನಾಲ್ಕನೆಯ ಟ್ಯಾಂಕಿಗೆ ಇವತ್ತೇ ಮುಚ್ಚಳ ತರಿಸಿ ಎಂದೆ.

"ಇವತ್ತೇ ಅಂದ್ರೆ ಹೇಗೆ ಸಾರ್? ಮೂರು ಕೊಟೇಶನ್ ಬೇಕು. ಖರ್ಚು ಎ ಬ್ಲಾಕಿನದೋ ಬಿ ಬ್ಲಾಕಿನದೋ ಇನ್ನೂ ತೀರ್ಮಾನ ಆಗಿಲ್ಲ. ಮೂರು ತಿಂಗಳಾದ ಮೇಲೆ ಸಭೆ ಇದೆಯಲ್ಲ, ಅದರಲ್ಲಿ ಇಡೋಣ. ಅಲ್ಲೀವರೆಗೆ ಇನ್ನೊಂದು ಸಲ ಹೊಗೆ ಹಾಕಿಸಿಬಿಡೋಣ."

ಟ್ಯಾಂಕಿನ ಅಂಚಿನಲ್ಲಿ ಕೂತವರು ಬೆರಳಿಲ್ಲದಿದ್ದರೂ ಲೆಕ್ಕ ಹಾಕುತ್ತಿದ್ದರು.

ಸೊಳ್ಳೆ: ಮೂರು ತಿಂಗಳಾ? ಅಷ್ಟರಲ್ಲಿ ನಮ್ಮಲ್ಲಿ ನಾಲ್ಕೈದು ತಲೆಮಾರು ಆಗಿರುತ್ತೆ. ಸಭೆಯ ನೋಟೀಸು ನನ್ನ ಹೆಸರಿಗೆ ಬೇಡಿ ಸ್ವಾಮಿ, ಮರಿಮೊಮ್ಮಗಳ ಹೆಸರಿಗೆ ಕಳಿಸಿ. ವಿಳಾಸ ಇದೇ.