ಡೇರೆಯ ನಿಯಮಾವಳಿ

ವಾಡಿಯ ಸಿಮೆಂಟಿನ ಧೂಳನ್ನೂ, ಚಿತ್ತಾಪುರವನ್ನೂ, ಸೇಡಮಿನ ಚಿಮಣಿಗಳನ್ನೂ ಕ್ರಮವಾಗಿ ಹಿಂದಿಕ್ಕಿ, 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಚಿಂಚೋಳಿಯ ಅರಣ್ಯಕ್ಕೆ ಕೇವಲ ನಿಶ್ಶಬ್ದತೆಯನ್ನರಸಿ ಬಂದ ಶಹಾಬಾದದ ಫರಸಿ ವ್ಯಾಪಾರಿಗಳು ಡೇರೆಯ ಮುಂದೆ ಪ್ರಥಮತಃ ಇಳಿಸಿದ್ದು ಧ್ವನಿವರ್ಧಕವನ್ನು.

“ಸಾವಕಾರರೇ, ಅದನ್ನಿಲ್ಲಿ ಹಚ್ಚುವಂತಿಲ್ಲ” ಎಂದನು ಕಾವಲುಗಾರ.

“ಬೆಂಕಿ?”

“ಎಲೆಯುದುರುವ ಒಣಕಾಡು, ಕಿಡಿಯೊಂದು ಸಾಕು.”

“ಬಾಟಲಿ?”

“ಅದಕ್ಕೂ ನಿಷೇಧವೇ.”

“ಚಂದ್ರಂಪಳ್ಳಿ ಜಲಾಶಯದ ದಂಡೆಯಲ್ಲಿ?”

“ಅದೂ ಕಾಡೇ.”

“ಹಾಗಾದರೆ ಇಲ್ಲಿ ಮಾಡತಕ್ಕದ್ದೇನಪ್ಪಾ?”

“ತೋಳ, ಕತ್ತೆಕಿರುಬಗಳ ಕೂಗನ್ನು ಆಲಿಸಬಹುದು.”

“ಎಷ್ಟು ಗಂಟೆಗೆ? ಶುಲ್ಕದೊಳಗೇ ಬರುತ್ತದೆಯೇ?”

“ತಾವು ಸುಮ್ಮನಾದ ಮೇಲೆ, ಸಾವಕಾರರೇ.”

“ದೂರಿನ ಪುಸ್ತಕ ತಾ! ‘ಸೌಲಭ್ಯ ಶೂನ್ಯ’ ಎಂದು ಬರೆಯಬೇಕು.”