ಬೋನಿಟ್ಟರೆ ಆಯಿತು

ರಾಯಚೂರು ಜಿಲ್ಲೆಯಲ್ಲಿ ಹೇಳಿಕೊಳ್ಳುವಂಥ ಕಾಡಿಲ್ಲ. ಇದು ಎಲ್ಲರಿಗೂ ಗೊತ್ತು, ಚಿರತೆಗೆ ಮಾತ್ರ ಯಾರೂ ತಿಳಿಸಿಲ್ಲ. ದೇವದುರ್ಗದ ಬಂಡೆಗುಡ್ಡದಲ್ಲಿ, ಮಾನ್ವಿ ಸೀಮೆಯಲ್ಲಿ, ಕೊನೆಗೆ ರಾಯಚೂರು ನಗರದ ಮಗ್ಗುಲಿನ ಮಲಿಯಾಬಾದ್ ಗುಡ್ಡದಲ್ಲೂ ಆಗಾಗ ಸುದ್ದಿ: ‘ಚಿರ್ಚಿ ಬಂದೈತ್ರಿ!’

ಅಲ್ಲಿಂದ ಮುಂದೆ ಎಲ್ಲವೂ ಶಿಷ್ಟಾಚಾರದಂತೆ. ಯಾವುದೋ ರಾಜ್ಯದ ಹಳೇ ವಿಡಿಯೊ ನಮ್ಮೂರಿನದೆಂದು ಮೊಬೈಲಿಗೆ ಬರುತ್ತದೆ. ಮುಖಂಡರು ಫೋನಿನಲ್ಲೇ ಗುಡುಗುತ್ತಾರೆ. ಟ್ರ್ಯಾಕ್ಟರಿನಲ್ಲಿ ಬೋನು ಇಳಿಯುತ್ತದೆ, ಹಿಂದಿನ ಖಾನೆಯಲ್ಲಿ ಒಂದು ಬೀದಿನಾಯಿ. ವನ್ಯಜೀವಿ ನೀತಿಯ ಜಾರಿಗೆ ರಾತ್ರಿಯಿಡೀ ಎಚ್ಚರವಿರುವ ಏಕೈಕ ಸಿಬ್ಬಂದಿ ಅದೇ. ಅದರ ಒಪ್ಪಿಗೆ ಪಡೆದವರಿಲ್ಲ, ಭತ್ಯೆಯೂ ಇಲ್ಲ.

1972ರ ವನ್ಯಜೀವಿ ಕಾಯ್ದೆಯ ಪ್ರಕಾರ, ಮನುಷ್ಯರ ಜೀವಕ್ಕೆ ಅಪಾಯವಾದರೆ ಚಿರತೆಯನ್ನು ಹಿಡಿಯಬಹುದು. ಸಿಸಿಟಿವಿಯಲ್ಲಿ ಕಾಣಿಸಿಕೊಳ್ಳುವುದು ಅಪರಾಧವೆಂದು ಅದರಲ್ಲಿ ಬರೆದಿಲ್ಲ. ಇರಲಿ, ಹಿಡಿದದ್ದಾಯಿತು. ಬಿಡುವುದೆಲ್ಲಿ? ದೂರದ ಕಾಡಿನಲ್ಲಿ. ಅಲ್ಲಿ ಆಗಲೇ ಒಂದು ಚಿರತೆ ಇರುತ್ತದೆ. ಮಾಲೀಕ ಕೂತಿರುವ ಮನೆಗೆ ಸರ್ಕಾರವೇ ಬಾಡಿಗೆದಾರನನ್ನು ನೂಕಿದ ಹಾಗೆ. ಖಾಲಿಯಾದ ಗುಡ್ಡಕ್ಕೆ ಇನ್ನೊಂದು ಬರುತ್ತದೆ. ಬೋನಿಗೆ ಕೆಲಸ ತಪ್ಪುವುದಿಲ್ಲ.

ಪುಣೆ ಜಿಲ್ಲೆಯ ಜುನ್ನರ್‌ನಲ್ಲಿ ಈ ಪ್ರಯೋಗ ಎಂದೋ ಮುಗಿದಿದೆ. ಹೊಲದಲ್ಲಿ ಹಿಡಿದು ಕಾಡಿನಲ್ಲಿ ಬಿಡುವ ಕಾರ್ಯಕ್ರಮ 2001ರಲ್ಲಿ ಶುರುವಾದ ಮೇಲೆ, ಜನರ ಮೇಲಿನ ದಾಳಿ ವರ್ಷಕ್ಕೆ ಸರಾಸರಿ 4 ಇದ್ದದ್ದು 17ಕ್ಕೆ ಏರಿತು. ವಿಜ್ಞಾನಿ ವಿದ್ಯಾ ಆತ್ರೇಯ ಮತ್ತು ಸಂಗಡಿಗರು ಇದನ್ನು 2011ರಲ್ಲೇ ಪ್ರಕಟಿಸಿದರು. ಹೀಗೆ ಸಾಗಹಾಕಬೇಡಿ ಎಂದು ಕೇಂದ್ರ ಪರಿಸರ ಸಚಿವಾಲಯದ ಮಾರ್ಗಸೂಚಿಯೂ ಅದೇ ವರ್ಷ ಬಂತು. ಚಿರತೆಗಳೆಲ್ಲ ಊರೂರು ಸುತ್ತಿದವು. ಮಾರ್ಗಸೂಚಿಯ ಕಡತವನ್ನು ಮಾತ್ರ ಯಾರೂ ಸ್ಥಳಾಂತರಿಸಿಲ್ಲ.

2022ರ ಅಂದಾಜಿನಂತೆ ನಮ್ಮ ರಾಜ್ಯದಲ್ಲಿ 1,879 ಚಿರತೆಗಳಿವೆ. ಅಷ್ಟಕ್ಕೂ ಬೋನು ಮಾಡಿಸಿದರೆ ಚಿರತೆಗಳ ಗತಿ ಏನೋ, ಗುತ್ತಿಗೆದಾರರ ಸಂತತಿಯಂತೂ ಉಳಿಯುತ್ತದೆ.

ಊರಾಚೆ ಮಾಂಸದಂಗಡಿಯ ಕಸ ಸುರಿಯುವವರು ನಾವೇ. ಕಸಕ್ಕೆ ನಾಯಿ, ನಾಯಿಗೆ ಚಿರತೆ. ಆದರೆ ಕಸ ಎತ್ತಿದರೆ, ಹಟ್ಟಿಗೆ ಸೂರು ಹಾಕಿಸಿದರೆ ಪತ್ರಿಕೆಯಲ್ಲಿ ಫೋಟೊ ಬರುತ್ತದೆಯೇ? ಬೋನಿನ ಪಕ್ಕ ನಿಂತರೆ ಬರುತ್ತದೆ, ಅದೂ ಬಣ್ಣದಲ್ಲಿ.

ಇಷ್ಟರಲ್ಲಿ ನಿಜವಾಗಿ ಕುರಿ ಕಳೆದುಕೊಳ್ಳುವವನು ಕುರಿಗಾಹಿ. ಬೋನು ವಾಪಸ್ ಹೊರಟಾಗ ಅವನು ಕೇಳುವುದು ಇಷ್ಟೇ:

‘ಇದನ್ನ ಇಲ್ಲೇ ಬಿಟ್ಟು ಹೋಗ್ರಿ ಸಾಹೇಬ್ರ. ರಾತ್ರಿ ಮರಿಗಳ್ನ ಒಳಗ ಹಾಕಿ ಕದ ಹಾಕ್ಕೋತೀನಿ.’